ಇಬ್ಬನಿ ಆರುವ ಮುನ್ನ: ಸಣ್ಣ ಶಾಲೆಯಲ್ಲಿ ಚಳಿಗಾಲದ ಹೊರಾಂಗಣ ಪಾಠ ನಡೆಸುವ ಬಗೆ

ಚಿತ್ರದುರ್ಗ ಜಿಲ್ಲೆಯ ಎರೆಭೂಮಿಯ ಹಳ್ಳಿಗಳಲ್ಲಿ ಮಕ್ಕಳನ್ನು ಶಾಲೆಯ ಗೇಟಿನಾಚೆ ಕರೆದೊಯ್ದು ಪಾಠ ಮಾಡಲು ಅನುಕೂಲವಾದ ಕಾಲವೆಂದರೆ ದೀಪಾವಳಿ ಕಳೆದ ಮೇಲಿನ ಮೂರೂವರೆ ತಿಂಗಳು. ಮಳೆ ನಿಂತಿರುತ್ತದೆ, ಕೆರೆಯಲ್ಲಿ ಒಂದಿಷ್ಟು ನೀರಿರುತ್ತದೆ, ಹಿಂಗಾರಿನ ಕಡಲೆ ಮತ್ತು ಬಿಳಿಜೋಳ ಹೊಲದಲ್ಲಿ ನಿಂತಿರುತ್ತವೆ. ಶಿವರಾತ್ರಿಗೆ ಚಳಿ ‘ಶಿವಶಿವಾ’ ಎಂದು ಹೋದ ಮೇಲೆ ಹತ್ತು ಗಂಟೆಯ ಬಿಸಿಲಿಗೇ ನೆತ್ತಿ ಸುಡತೊಡಗುವುದರಿಂದ, ಹೊರಗೆ ಕಲಿಸಬೇಕಾದುದನ್ನು ಅಷ್ಟರೊಳಗೆ ಕಲಿಸಿ ಮುಗಿಸಬೇಕಾಗುತ್ತದೆ.

ಆದರೆ ಶಾಲೆಗೆ ಉಸಿರಾಡಲು ಬಿಡುವಿಲ್ಲದ ತಿಂಗಳುಗಳೂ ಇವೇ. ರಾಜ್ಯೋತ್ಸವ, ಮಕ್ಕಳ ದಿನಾಚರಣೆ, ಪ್ರತಿಭಾ ಕಾರಂಜಿ, ಪ್ರವಾಸ, ವಾರ್ಷಿಕೋತ್ಸವ, ಗಣರಾಜ್ಯೋತ್ಸವ ಹೀಗೆ ಒಂದರ ಬೆನ್ನಿಗೆ ಇನ್ನೊಂದು ಬಂದು ನಿಲ್ಲುವಾಗ, ಮೂವರು ಶಿಕ್ಷಕರು ಏಳು ತರಗತಿಗಳನ್ನು ಸಂಭಾಳಿಸುವ ನಮ್ಮಂಥ ಶಾಲೆಯಲ್ಲಿ ಹೊರಾಂಗಣ ಪಾಠಕ್ಕೆಂದು ಪ್ರತ್ಯೇಕ ದಿನ ಸಿಗುವುದಿಲ್ಲ. ಆದ್ದರಿಂದ ದಿನವನ್ನು ಹುಡುಕಬೇಡಿ. ವಾರಕ್ಕೆ ಒಂದು ಅವಧಿ ಮತ್ತು ಶಾಲೆಗೆ ಹತ್ತಿರದ ಒಂದೇ ಜಾಗ ಎಂದು ಗೊತ್ತುಮಾಡಿಕೊಂಡು ಚಳಿಗಾಲವಿಡೀ ಅಲ್ಲಿಗೇ ಹೋಗಿ. ನಾನು ಮೊದಲ ವರ್ಷ ಇದಕ್ಕೆ ವಿರುದ್ಧವಾಗಿ ನಡೆದುಕೊಂಡೆ. ಒಂದೇ ದಿನ ಅರವತ್ತು ಮಕ್ಕಳನ್ನು ಕೆರೆಯಂಗಳಕ್ಕೆ ಕರೆದೊಯ್ದು ಮಣ್ಣು, ಎಲೆ, ಹಕ್ಕಿ, ಅಳತೆ, ಚಿತ್ರಕಲೆ ಎಂದು ಐದು ಕೆಲಸಗಳನ್ನು ಹಚ್ಚಿದೆ. ಸಂಜೆ ಕೈಯಲ್ಲಿ ಉಳಿದದ್ದು ಕೆಸರು ಮೆತ್ತಿದ ಸಮವಸ್ತ್ರ ಮತ್ತು ಎರಡು ಕಳೆದುಹೋದ ಚಪ್ಪಲಿಗಳ ಪಂಚಾಯಿತಿ ಮಾತ್ರ.

ಜಾಗ ಮತ್ತು ಹೊತ್ತು

ಜಾಗವು ಚಿಕ್ಕ ಮಕ್ಕಳ ನಡಿಗೆಯಲ್ಲಿ ಹತ್ತು ನಿಮಿಷಕ್ಕಿಂತ ದೂರವಿರಬಾರದು. ಅಲ್ಲಿಗೆ ಹೋಗಲು ಹೆದ್ದಾರಿ ದಾಟಬೇಕಾಗಿ ಬಂದರೆ ಅದನ್ನು ಅಲ್ಲಿಗೇ ಕೈಬಿಡಿ. ಒಂದು ಬದು, ಒಂದೆರಡು ಮರ, ಬೆಳೆಯಿರುವ ಒಂದು ಹೊಲ ಇದ್ದರೆ ಸಾಕು, ನೀರಿದ್ದರೆ ಇನ್ನೂ ಒಳ್ಳೆಯದು. ಹೊಲದ ಯಜಮಾನರನ್ನು ಮೊದಲೇ ಕಂಡು ಮಾತನಾಡಿ. ಮಕ್ಕಳು ಬದುವಿನ ಪಕ್ಕದ ಸಾಲನ್ನು ಬಿಟ್ಟು ಒಳಗೆ ಹೋಗುವುದಿಲ್ಲ ಎಂದು ನೀವೇ ಮುಂದಾಗಿ ಹೇಳಿದರೆ ಅವರು ಬೇಡವೆನ್ನುವುದಿಲ್ಲ. ಅವರ ಮೊಮ್ಮಕ್ಕಳು ನಿಮ್ಮ ಶಾಲೆಯಲ್ಲೇ ಓದುತ್ತಿದ್ದರಂತೂ ಮರುವಾರ ಅವರೇ ಬದುವಿನ ಮೇಲೆ ಕುಳಿತು ನಿಮ್ಮನ್ನು ಕಾಯುತ್ತಿರುತ್ತಾರೆ. ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ವಿಷಯವನ್ನು ಒಮ್ಮೆ ಮಂಡಿಸಿ ನಡಾವಳಿಯಲ್ಲಿ ಬರೆಸಿಡಿ.

ಹೊತ್ತಿನ ವಿಚಾರದಲ್ಲಿ ನಮಗಿರುವ ಆಸ್ತಿ ಶನಿವಾರದ ಬೆಳಗಿನ ಶಾಲೆ. ಉಳಿದ ದಿನ ಮಕ್ಕಳು ಬರುವ ವೇಳೆಗೆ ಇಬ್ಬನಿ ಆರಿಹೋಗಿರುತ್ತದೆ. ಶನಿವಾರ ಮಾತ್ರ ಅದು ಇನ್ನೂ ಎಲೆಗಳ ಮೇಲಿರುತ್ತದೆ. ಪ್ರಾರ್ಥನೆ ಮುಗಿದ ಕೂಡಲೇ ಹೊರಡಿ.

ಕಡಲೆ ಹೊಲದ ಪಾಠ

ಇಡೀ ಚಳಿಗಾಲದಲ್ಲಿ ಒಂದೇ ಒಂದು ಪಾಠ ಮಾಡಲು ಸಾಧ್ಯವೆಂದಾದರೆ ಇದನ್ನು ಮಾಡಿ. ಒಮ್ಮೆ ಬರಿಗಾಲಿನಲ್ಲಿದ್ದ ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಕಡಲೆಯ ಸಾಲಿನ ಪಕ್ಕದಲ್ಲಿ ನಾಲ್ಕು ಹೆಜ್ಜೆ ನಡೆದವಳೇ, ಹಿಮ್ಮಡಿಯ ಬಿರುಕನ್ನು ಒತ್ತಿ ಹಿಡಿದು, “ಸಾ, ಕಾಲು ಉರೀತೈತೆ” ಎಂದಳು. ಇಬ್ಬನಿ ತಣ್ಣಗಿರಬೇಕಲ್ಲವೇ, ಉರಿಯುವುದೇಕೆ? ಪಾಠ ಈ ಪ್ರಶ್ನೆಯಿಂದಲೇ ಶುರುವಾಯಿತು.

ಕಡಲೆ ಗಿಡದ ಎಲೆ, ಕಾಂಡ, ಕಾಯಿಗಳ ಮೇಲೆ ಸಣ್ಣ ಸಣ್ಣ ರೋಮಗಳಿವೆ. ಅವು ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳನ್ನು ಜಿನುಗಿಸುತ್ತವೆ, ರಾತ್ರಿಯ ಇಬ್ಬನಿ ಆ ಹುಳಿಯನ್ನು ಕರಗಿಸಿಕೊಳ್ಳುತ್ತದೆ. ಹಿಂದಿನವರು ರಾತ್ರಿ ಕಡಲೆ ಗಿಡಗಳ ಮೇಲೆ ಬಿಳಿ ಬಟ್ಟೆ ಹಾಸಿ, ಬೆಳಗ್ಗೆ ಹಿಂಡಿ, ಆ ರಸವನ್ನು ಕಡಲೆ ಹುಳಿ ಎಂದು ಸೀಸೆಯಲ್ಲಿ ತುಂಬಿಡುತ್ತಿದ್ದರು. ಊರಿನಲ್ಲಿ ಅದನ್ನು ಮಾಡಿದ ಅಜ್ಜಿ ಯಾರಾದರೂ ಇದ್ದರೆ ಅವರನ್ನೇ ಕರೆಸಿ ಹೇಳಿಸಿ, ಆ ಹೊತ್ತಿಗೆ ನೀವು ಸುಮ್ಮನಿದ್ದರೆ ಒಳ್ಳೆಯದು.

ಮಾಡುವ ಕ್ರಮ ಹೀಗಿದೆ. ಹಿಂದಿನ ದಿನವೇ ಕೆಂಪು ದಾಸವಾಳದ ಎಸಳುಗಳನ್ನು ಬಿಳಿ ಹಾಳೆಯ ಮೇಲೆ ಉಜ್ಜಿ, ನೆರಳಿನಲ್ಲಿ ಒಣಗಿಸಿ, ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿಡಿ. ಹಾಳೆ ನೇರಳೆ ಬಣ್ಣಕ್ಕೆ ತಿರುಗಿರುತ್ತದೆ. ಬೆಳಗ್ಗೆ ತೊಳೆದ ಬಿಳಿ ಹತ್ತಿ ಬಟ್ಟೆಯನ್ನು ಇಬ್ಬರು ಮಕ್ಕಳು ಎರಡು ತುದಿಗಳಲ್ಲಿ ಹಿಡಿದು, ಗಿಡಗಳ ಕುಡಿ ಮುರಿಯದಂತೆ ಬದುವಿನ ಸಾಲಿನ ಮೇಲೆ ಹಗುರವಾಗಿ ಎಳೆಯಲಿ. ಬಟ್ಟೆಯನ್ನು ಸ್ಟೀಲ್ ಲೋಟಕ್ಕೆ ಹಿಂಡಿ. ಒಂದೆರಡು ಚಮಚ ರಸ ಬಂದರೂ ಸಾಕು. ಪಟ್ಟಿಯನ್ನು ಅದರಲ್ಲಿ ಅದ್ದಿದರೆ ಕೆಂಪಗಾಗುತ್ತದೆ. ಇನ್ನೊಂದು ಪಟ್ಟಿಯನ್ನು ಸುಣ್ಣದ ತಿಳಿನೀರಿಗೆ ಅದ್ದಿ, ಅದು ಹಸಿರಾಗುತ್ತದೆ. ಮೂರನೆಯದಕ್ಕೆ ಹುಲ್ಲಿನ ಮೇಲಿನ ಇಬ್ಬನಿಯನ್ನು ಹೀರಿಸಿ. ಅದು ಹೆಚ್ಚು ಕಡಿಮೆ ಮೊದಲಿದ್ದಂತೆಯೇ ಉಳಿಯುವುದರಿಂದ, ಹುಳಿ ಇರುವುದು ಇಬ್ಬನಿಯಲ್ಲಲ್ಲ, ಗಿಡದಲ್ಲಿ ಎಂಬುದನ್ನು ಮಕ್ಕಳೇ ಹೇಳುತ್ತಾರೆ.

ನೆಕ್ಕಿ ನೋಡುವ ಆಸೆ ಎಲ್ಲರಿಗೂ ಬರುತ್ತದೆ, ನೆಕ್ಕಲು ಬಿಡಬೇಡಿ. ಕಾಯಿಕೊರಕಕ್ಕೆ ಈಗ ಎಲ್ಲರೂ ಔಷಧ ಹೊಡೆಯುತ್ತಾರೆ. ಯಾವಾಗ ಹೊಡೆದರು ಎಂದು ಯಜಮಾನರನ್ನು ಕೇಳಿ, ಈಚೆಗೆ ಹೊಡೆದಿದ್ದರೆ ಆ ಹೊಲವನ್ನೇ ಬಿಟ್ಟು ಬೇರೆ ಹೊಲ ನೋಡಿ. ಶೂ ಹಾಕಿಸಿ, ಕೈಕಾಲು ತೊಳೆಸಿ. ಸುಣ್ಣದ ನೀರು ಕಣ್ಣಿಗೆ ಅಪಾಯವಾದ್ದರಿಂದ ಅದರ ಲೋಟ ನಿಮ್ಮ ಕೈಯಲ್ಲೇ ಇರಲಿ.

ಬಿತ್ತಿ ತಿಂಗಳು ಕಳೆದ ಕಡಲೆಯ ಕುಡಿಯನ್ನು ಚಿವುಟುವುದನ್ನು ನಮ್ಮ ಮಕ್ಕಳು ಮನೆಯವರ ಜೊತೆ ಮಾಡಿಯೇ ಇರುತ್ತಾರೆ. ಚಿವುಟಿದ ಸೊಪ್ಪು ಸಾರಿಗೆ ಹೋಗುತ್ತದೆ, ಗಿಡ ಪಕ್ಕಕ್ಕೆ ಕವಲೊಡೆಯುತ್ತದೆ. ಯಜಮಾನರು ಒಪ್ಪಿದರೆ ಹತ್ತು ಗಿಡಗಳನ್ನು ಚಿವುಟಿ, ಹತ್ತು ಗಿಡಗಳನ್ನು ಹಾಗೆಯೇ ಬಿಟ್ಟು, ದಾರ ಕಟ್ಟಿ ಗುರುತು ಮಾಡಿ, ಪ್ರತಿ ವಾರ ಕವಲುಗಳನ್ನೂ ಆಮೇಲೆ ಕಾಯಿಗಳನ್ನೂ ಎಣಿಸಿ ಬರೆಯಿಸಿ. ಸರಾಸರಿ ತೆಗೆಯುವ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ತಿಂಗಳುಗಟ್ಟಲೆ ಕಲಿಸಿದ್ದ ನನಗೆ, ಈ ಇಪ್ಪತ್ತು ಗಿಡಗಳು ಮೂರು ವಾರದಲ್ಲಿ ಮಾಡಿದ ಕೆಲಸ ಕಂಡು ಸ್ವಲ್ಪ ನಾಚಿಕೆಯೇ ಆಯಿತು.

ನೆರಳಿನ ಹಗ್ಗ

ಶಾಲೆಯ ಅಂಗಳದಲ್ಲೇ ಆಗುವ ಕೆಲಸ ಇದು. ನೆಲದಿಂದ ಸರಿಯಾಗಿ 1 ಮೀಟರ್ ಎತ್ತರಕ್ಕೆ ನಿಲ್ಲುವಂತೆ ನೇರವಾದ ಕೋಲೊಂದನ್ನು ಹೂತು, ದಾರಕ್ಕೆ ಕಲ್ಲು ಕಟ್ಟಿ ತೂಗುಬಿಟ್ಟು, ಅದು ಲಂಬವಾಗಿದೆಯೇ ಎಂದು ಪರೀಕ್ಷಿಸಿ. ಕೋಲಿನ ಬದಲು ಕಬ್ಬಿಣದ ಸಲಾಕೆ ಹೂಳುವುದು ಕ್ಷೇಮ. ನಾವು ಮೊದಲು ನೆಟ್ಟ ಬಿದಿರಿನ ಕೋಲು ಎರಡನೆಯ ವಾರಕ್ಕೇ ಮಾಯವಾಗಿ, ಶಾಲೆಯ ಹಿಂದಿನ ಬಾರೆ ಮರದ ಬುಡದಲ್ಲಿ ಸಿಕ್ಕಿತು. ಹಣ್ಣು ಬಡಿಯಲು ಯಾರು ಒಯ್ದಿದ್ದರೆಂದು ನಾನು ವಿಚಾರಿಸಲು ಹೋಗಲಿಲ್ಲ.

ಮಧ್ಯಾಹ್ನ 12ರಿಂದ 12.45ರವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು ಹಾಕಿಸಿ. ಅತಿ ಚಿಕ್ಕ ನೆರಳು ಬಿದ್ದ ಕ್ಷಣವೇ ನಮ್ಮೂರಿನ ನಿಜವಾದ ನಡುಹಗಲು, ಮತ್ತು ಆ ನೆರಳು ಉತ್ತರ ದಿಕ್ಕನ್ನು ತೋರಿಸುತ್ತದೆ. ಗಡಿಯಾರದ ಹನ್ನೆರಡಕ್ಕೆ ಅದು ಬೀಳುವುದಿಲ್ಲ, ಏಕೆಂದರೆ ನಮ್ಮ ಗಡಿಯಾರಗಳು 82.5 ಡಿಗ್ರಿ ಪೂರ್ವ ರೇಖಾಂಶದ ಸಮಯವನ್ನು ತೋರಿಸುತ್ತವೆ, ಚಿತ್ರದುರ್ಗವಿರುವುದು 76.4 ಡಿಗ್ರಿಯ ಆಸುಪಾಸಿನಲ್ಲಿ. ಜೊತೆಗೆ ಸೂರ್ಯನ ನಡೆಯೂ ವರ್ಷವಿಡೀ ಒಂದೇ ಸಮನಾಗಿರುವುದಿಲ್ಲ. ನವೆಂಬರ್ 14ರಂದು ಸುಮಾರು 12.09ಕ್ಕೆ ಬೀಳುವ ನಡುಹಗಲು ಡಿಸೆಂಬರ್ 22ರಂದು ಸುಮಾರು 12.23ಕ್ಕೂ, ಸಂಕ್ರಾಂತಿಯ ವೇಳೆಗೆ 12.34ರ ಹತ್ತಿರಕ್ಕೂ ಜಾರಿರುತ್ತದೆ.

ಪ್ರತಿ ಸಲ ಆ ಚಿಕ್ಕ ನೆರಳಿನಷ್ಟೇ ಉದ್ದದ ತೆಂಗಿನ ಹುರಿ ಕತ್ತರಿಸಿ, ದಿನಾಂಕದ ಚೀಟಿ ಕಟ್ಟಿ, ತರಗತಿಯ ಗೋಡೆಗೆ ಸಾಲಾಗಿ ನೇತುಹಾಕಿ. ನಮ್ಮ ಅಕ್ಷಾಂಶದಲ್ಲಿ, ಅಂದರೆ 14.2 ಡಿಗ್ರಿಯಲ್ಲಿ, ಮಕ್ಕಳ ದಿನಾಚರಣೆಯಂದು ನೆರಳು ಸುಮಾರು 63 ಸೆಂಟಿಮೀಟರ್, ಡಿಸೆಂಬರ್ 22ರಂದು 77, ಜನವರಿ 15ರಂದು 71, ವಿಜ್ಞಾನ ದಿನವಾದ ಫೆಬ್ರುವರಿ 28ರಂದು 41 ಇರಬೇಕು. ಒಂದೆರಡು ಸೆಂಟಿಮೀಟರ್ ವ್ಯತ್ಯಾಸ ಬಂದರೆ ಚಿಂತೆಯಿಲ್ಲ. ಹತ್ತು ಸೆಂಟಿಮೀಟರ್ ಬಂದರೆ ಸಲಾಕೆ ವಾಲಿದೆ ಎಂದರ್ಥ. ಈ ಅಂಕಿಗಳನ್ನು ಮಾತ್ರ ಮಕ್ಕಳಿಗೆ ಮೊದಲೇ ಹೇಳಬೇಡಿ. ಹೇಳಿದರೆ ಹುರಿ ಅಷ್ಟೇ ಉದ್ದಕ್ಕೆ ಕತ್ತರಿಸಿಕೊಂಡು ಬರುತ್ತದೆ.

ಉಳಿದವು

ಚಳ್ಳಕೆರೆ ಸೀಮೆಯ ಕುರಿ ಉಣ್ಣೆಯ ಕಂಬಳಿ ನಮ್ಮ ಭಾಗದ ಬಹುತೇಕ ಮನೆಗಳಲ್ಲಿ ಸಿಗುತ್ತದೆ. ಒಂದೇ ಅಳತೆಯ ಎರಡು ಚೊಂಬುಗಳಿಗೆ ಒಂದೇ ಬಿಸಿಯ ನೀರು ಹಾಕಿ, ಒಂದಕ್ಕೆ ಕಂಬಳಿಯ ತುಂಡನ್ನೂ ಇನ್ನೊಂದಕ್ಕೆ ಹತ್ತಿ ಟವೆಲನ್ನೂ ಸುತ್ತಿ, ಹತ್ತು ನಿಮಿಷಕ್ಕೊಮ್ಮೆ ಉಷ್ಣಾಂಶ ನೋಡಿ. ಕಂಬಳಿ ತಾನಾಗಿ ಬಿಸಿ ಕೊಡುವುದಿಲ್ಲ, ಎಳೆಗಳ ನಡುವೆ ಗಾಳಿಯನ್ನು ಹಿಡಿದಿಟ್ಟುಕೊಂಡು ಇರುವ ಬಿಸಿಯನ್ನು ಉಳಿಸುತ್ತದೆ ಎಂಬುದು ಅರ್ಧ ಗಂಟೆಯಲ್ಲಿ ಕಾಣಿಸುತ್ತದೆ.

ಹಕ್ಕಿಗಳ ವಿಷಯದಲ್ಲಿ ಹೆಸರಿಗಿಂತ ಎಣಿಕೆ ಮುಖ್ಯ. ಕೆರೆಯಂಚಿನಲ್ಲಿ ಬಾಲ ಕುಣಿಸುತ್ತ ಓಡಾಡುವ ಕುಂಡೆಕುಸ್ಕಗಳು, ಬಿಳಿಜೋಳದ ತೆನೆಗೆ ಹಿಂಡುಹಿಂಡಾಗಿ ಎರಗುವ ಗುಲಾಬಿ ಕಬ್ಬಕ್ಕಿಗಳು ಎಷ್ಟಿವೆ ಎಂದು ಒಂದೇ ಜಾಗದಲ್ಲಿ ಹತ್ತು ನಿಮಿಷ ನಿಂತು ಎಣಿಸಿ, ವಾರ ವಾರ ಬರೆದಿಡಿ. ಜೋಳ ಕಾಯಲು ಅಟ್ಟಣೆ ಹತ್ತಿ ಕವಣೆ ಬೀಸಿದ ಹುಡುಗರಿಗೆ ಕಬ್ಬಕ್ಕಿಯ ಬಗ್ಗೆ ನಮಗಿಂತ ಹೆಚ್ಚು ಗೊತ್ತಿರುತ್ತದೆ.

ಅಪಾಯಗಳನ್ನು ಮರೆಯಬಾರದು. ಚಳಿಗಾಲದ ಬೆಳಗಿನಲ್ಲಿ ಹಾವುಗಳು ಬಿಸಿಲು ಕಾಯಿಸಲು ಬದುವಿಗೆ ಬರುತ್ತವೆ, ಕಲ್ಲುಗಳ ಅಡಿಯಲ್ಲಿ ಚೇಳುಗಳಿರುತ್ತವೆ. ಆದುದರಿಂದ ಕಲ್ಲು ಮಗುಚುವುದು ಮತ್ತು ಬಿಲಕ್ಕೆ ಕೈ ಹಾಕುವುದು ಪೂರ್ತಿ ನಿಷಿದ್ಧ. ದೊಡ್ಡ ಮರದಲ್ಲಿ ಹೆಜ್ಜೇನು ಕಟ್ಟಿದ್ದರೆ ಆ ಕಡೆ ಸುಳಿಯಬೇಡಿ. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿದು ಕಟ್ಟುವುದು, ಹೀರುವುದು ಯಾವುದೂ ಬೇಡ. ಮಗುವನ್ನು ಅಲುಗಾಡಿಸದೆ ನೇರವಾಗಿ ಆಸ್ಪತ್ರೆಗೆ ಸಾಗಿಸಿ. ವಾಹನವಿರುವ ಇಬ್ಬರ ಫೋನ್ ನಂಬರು ನಿಮ್ಮ ಜೇಬಿನಲ್ಲಿರಲಿ. ಸಾಲಿನ ಮುಂದೆ ಒಬ್ಬ ಶಿಕ್ಷಕರು, ಹಿಂದೆ ಒಬ್ಬರು ಇಲ್ಲದಿದ್ದರೆ ಆ ವಾರ ಹೊರಡಬೇಡಿ.

ಡಿಸೆಂಬರಿನ ಹೊರಸಂಚಾರಕ್ಕೂ ಇದೇ ಮಾತು ಅನ್ವಯಿಸುತ್ತದೆ. ದಿನಕ್ಕೆ ಆರು ಸ್ಥಳ ನೋಡುವ ಬದಲು ಒಂದನ್ನು ಆರಿಸಿ. ನೀರಿನ ಪಾಠಕ್ಕೆ ನನ್ನ ಆಯ್ಕೆ ಚಂದ್ರವಳ್ಳಿ: ಅಲ್ಲಿನ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಶಾಸನವಿದ್ದು, ಅದು ಕೆರೆಯೊಂದರ ನಿರ್ಮಾಣವನ್ನು ಹೇಳುತ್ತದೆ. ತಮ್ಮೂರಿನ ಕೆರೆಯಂಚಿನಲ್ಲಿ ವಾರ ವಾರ ನಿಂತು ನೋಡಿದ ಮಕ್ಕಳಿಗೆ ಆ ಬಂಡೆ ಬೇರೆಯೇ ಆಗಿ ಕಾಣುತ್ತದೆ. ಹಿರಿಯೂರಿನ ಕಡೆಯವರಿಗೆ ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆಯ ವಾಣಿವಿಲಾಸ ಸಾಗರವಿದೆ. ಅದು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ಆ 89 ವರ್ಷಗಳಲ್ಲಿ ಕೋಡಿ ಏಕೆ ಬೀಳಲಿಲ್ಲ ಎಂಬ ಪ್ರಶ್ನೆಯೊಂದನ್ನು ಇಟ್ಟುಕೊಂಡು ಹೋದರೆ ಒಂದು ದಿನಕ್ಕೆ ಸಾಕು.

ವಾರ್ಷಿಕೋತ್ಸವಕ್ಕೆ ಬೇರೆ ವಸ್ತುಪ್ರದರ್ಶನ ತಯಾರಿಸುವ ಅಗತ್ಯವಿಲ್ಲ. ನೆರಳಿನ ಹುರಿಗಳು, ಕೆಂಪು ಹಸಿರು ಪಟ್ಟಿಗಳು, ಕಡಲೆ ಕವಲುಗಳ ಲೆಕ್ಕದ ಹಾಳೆ ಇಷ್ಟನ್ನು ಮೇಜಿನ ಮೇಲಿಟ್ಟು, ಬಂದ ಅಪ್ಪ ಅಮ್ಮಂದಿರಿಗೆ ವಿವರಿಸಲು ಮಕ್ಕಳನ್ನೇ ನಿಲ್ಲಿಸಿ.

ಹುರಿಗಳನ್ನು ಫೆಬ್ರುವರಿಯ ನಂತರ ಬಿಸಾಡಬೇಡಿ. ನೆರಳು ಕುಗ್ಗುತ್ತ ಬಂದು ಏಪ್ರಿಲ್ 28ರ ಆಸುಪಾಸಿನಲ್ಲಿ ಮಧ್ಯಾಹ್ನ ಸುಮಾರು 12.22ಕ್ಕೆ ಪೂರ್ತಿ ಇಲ್ಲವಾಗುತ್ತದೆ. ಆಗಸ್ಟ್ ಮಧ್ಯದಲ್ಲಿ ಇನ್ನೊಮ್ಮೆ ಹಾಗಾದರೂ ಅದನ್ನು ನೋಡಲು ಮೋಡ ಬಿಡುವುದು ಕಷ್ಟ. ಏಪ್ರಿಲ್ ಕೊನೆಗೆ ಬೇಸಿಗೆ ರಜೆ ಇರುವುದರಿಂದ ಅದನ್ನು ರಜೆಯ ಮನೆಗೆಲಸವಾಗಿ ಕೊಡಿ: ಅಂಗಳದಲ್ಲಿ ಒನಕೆಯೊಂದನ್ನು ನೆಟ್ಟಗೆ ನಿಲ್ಲಿಸಿ, ಅದರ ನೆರಳು ಬುಡದಲ್ಲೇ ಅಡಗಿದ ಹೊತ್ತನ್ನು ಗಡಿಯಾರ ನೋಡಿ ಬರೆದುಕೊಂಡು, ರಜೆ ಮುಗಿದು ಶಾಲೆ ತೆರೆದ ದಿನ ತರಬೇಕು. ಕೊನೆಯ ಮೊಳೆಗೆ ಹುರಿಯಿಲ್ಲದ ಬರೀ ಚೀಟಿಯನ್ನು ಅಂದು ಸಿಕ್ಕಿಸಿ.