ಕೆಂಪು ಕಂದಿಗೆ ತಿರುಗದಂತೆ: ಪ್ರತಿವಿಷದ ಪ್ರೋಟೀನನ್ನು ಕಾಪಿಟ್ಟ ಅನುಭವ

ಕಾರ್ಬನ್ ಮಾನಾಕ್ಸೈಡ್ ವಿಷಕ್ಕೆ ಮದ್ದಾಗಲೆಂದು ಮೂರು ತಿಂಗಳು ಮೈನಸ್ 20 ಡಿಗ್ರಿಯಲ್ಲಿಟ್ಟಿದ್ದ ಪ್ರೋಟೀನ್ ಕರಗಿದಾಗ ಅದರ ಕೆಂಪು ಬಣ್ಣ ಹೋಗಿ, ತೆಳು ಡಿಕಾಕ್ಷನ್ನಿನ ಕಂದು ಬಂದಿತ್ತು. ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸಿ ತೋರಿಸುವ ಜೆಲ್ ಮೇಲೆ ಒಂದೇ ಪಟ್ಟಿ, ಎಲ್ಲಿಯೂ ತುಂಡಾಗಿರಲಿಲ್ಲ. ಪ್ರಮಾಣವೂ ಇಟ್ಟಷ್ಟೇ ಇತ್ತು. ಆದರೂ ಕಾರ್ಬನ್ ಮಾನಾಕ್ಸೈಡ್ ಹಾಯಿಸಿದಾಗ ಅದು ಹಿಡಿದದ್ದು ತೀರ ಅಲ್ಪ.

ಈ ಅನಿಲ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಅಲ್ಲಿಂದ ಅದನ್ನು ಕಸಿದುಕೊಳ್ಳಲೆಂದು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ತಂಡ ಮಾರ್ಪಡಿಸಿದ ನ್ಯೂರೋಗ್ಲೋಬಿನ್ (ನರಕೋಶಗಳಲ್ಲಿರುವ ಪ್ರೋಟೀನ್) ಅದನ್ನು ಹಿಮೋಗ್ಲೋಬಿನ್‌ಗಿಂತ ಸುಮಾರು 500 ಪಟ್ಟು ಬಲವಾಗಿ ಹಿಡಿಯುತ್ತದೆಂದು 2016ರಲ್ಲಿ ಪ್ರಕಟವಾಯಿತು. ನಾನು ಕಾಪಿಡುತ್ತಿದ್ದುದೂ ಅದೇ ಬಗೆಯ, ಹೀಮ್ ಎಂಬ ಕಬ್ಬಿಣವಿರುವ ಭಾಗವುಳ್ಳ ಪ್ರೋಟೀನ್. ಅನಿಲವನ್ನು ಹಿಡಿಯುವುದು ಹೀಮ್‌ನ ಫೆರಸ್ (ಉತ್ಕರ್ಷಣಗೊಳ್ಳದ) ಕಬ್ಬಿಣ ಮಾತ್ರ. ಅದು ಒಂದು ಎಲೆಕ್ಟ್ರಾನ್ ಕಳೆದುಕೊಂಡು, ಎಂದರೆ ಉತ್ಕರ್ಷಣಗೊಂಡು, ಫೆರಿಕ್ ಆಯಿತೆಂದರೆ, ಪ್ರೋಟೀನ್ ಇಡಿಯಾಗಿದ್ದರೂ ಮದ್ದಾಗಿ ಉಳಿಯುವುದಿಲ್ಲ.

ತಪ್ಪು ನನ್ನ ಬಫರಿನಲ್ಲಿ, ಎಂದರೆ ಆಮ್ಲೀಯತೆ ಏರುಪೇರಾಗದಂತೆ ಕಾಯುವ ದ್ರಾವಣದಲ್ಲಿತ್ತು. ಸೋಡಿಯಂ ಫಾಸ್ಫೇಟ್ ದ್ರಾವಣ ನಿಧಾನವಾಗಿ ಹೆಪ್ಪುಗಟ್ಟುವಾಗ ಡೈಸೋಡಿಯಂ ಲವಣ ಮೊದಲು ಹರಳಾಗಿ ಬೇರ್ಪಡುವುದರಿಂದ, ಉಳಿದ ದ್ರವ ಆಮ್ಲೀಯವಾಗುತ್ತದೆ. ಹೆಪ್ಪುಗಟ್ಟದ ಆ ಚಿಕ್ಕ ಎಡೆಗಳಲ್ಲಿ ಒತ್ತಾಗಿ ಸೇರಿದ ಹೀಮ್ ಬೇಗ ಉತ್ಕರ್ಷಣಗೊಳ್ಳುತ್ತದೆ. ಅಂದಿನಿಂದ ಪೊಟ್ಯಾಸಿಯಂ ಫಾಸ್ಫೇಟಿಗೆ ಬದಲಾದೆ. ಒಂದು ಬಳಕೆಗೆ ಸಾಲುವಷ್ಟನ್ನೇ ಪುಟ್ಟ ನಳಿಕೆಗಳಿಗೆ ತುಂಬಿ, ದ್ರವ ಸಾರಜನಕದಲ್ಲಿ ಕ್ಷಣದಲ್ಲಿ ಹೆಪ್ಪುಗಟ್ಟಿಸಿ, ಮೈನಸ್ 80 ಡಿಗ್ರಿಗೆ ಸೇರಿಸಿದೆ. ಒಮ್ಮೆ ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಲಿಲ್ಲ. ತಿಂಗಳಿಗೊಂದು ನಳಿಕೆ ತೆಗೆದು ವರ್ಣಪಟಲ, ಎಂದರೆ ಯಾವ ತರಂಗಾಂತರದ ಬೆಳಕನ್ನು ಎಷ್ಟು ಹೀರುತ್ತದೆಂಬುದನ್ನು, ನೋಡತೊಡಗಿದೆ. ಜೊತೆಗೆ ಹೋಲಿಕೆಗೆಂದು ಇಟ್ಟ ಹಿಮೋಗ್ಲೋಬಿನ್‌ನಲ್ಲಿ 541 ಮತ್ತು 577 ನ್ಯಾನೋಮೀಟರಿನ ಜೋಡಿ ಶಿಖರಗಳು ತಗ್ಗಿ, 630ರ ಬಳಿ ಸಣ್ಣ ಉಬ್ಬು ಎದ್ದರೆ ಕೆಡುಕು ಶುರುವಾಯಿತೆಂದೇ ಅರ್ಥ; ಕಣ್ಣಿಗೆ ಕಂದು ಕಾಣುವ ಹೊತ್ತಿಗೆ ತಡವಾಗಿರುತ್ತದೆ.

ಫೆರಿಕ್ ಆದದ್ದನ್ನು ಸೋಡಿಯಂ ಡೈಥಯೊನೈಟ್‌ನಿಂದ ಮತ್ತೆ ಫೆರಸ್ ಮಾಡಬಹುದು. ಆದರೆ ಗಾಳಿಗೆ ತೆರೆದ ಡಬ್ಬಿಯ ಪುಡಿ ತಾನೇ ಕೆಟ್ಟಿರುತ್ತದೆ, ಉಳಿಕೆಯನ್ನು ಕಾಲಮ್ಮಿನಲ್ಲಿ (ಅಣುಗಳನ್ನು ಬೇರ್ಪಡಿಸುವ ಕೊಳವೆಯಲ್ಲಿ) ತೆಗೆಯದಿದ್ದರೆ ಆಮ್ಲಜನಕದೊಡನೆ ಸೇರಿ ಪೆರಾಕ್ಸೈಡ್ ಹುಟ್ಟಿಸುತ್ತದೆ. ಪ್ರಯೋಗಾಲಯದಲ್ಲಿ ಇದು ನಡೆಯುತ್ತದೆ, ಆಂಬುಲೆನ್ಸಿನಲ್ಲಿ ನಡೆಯದು. ಊರಿನ ಪತ್ರಿಕೆಯಲ್ಲಿ, ಗ್ಯಾಸ್ ಗೀಸರ್ ಇದ್ದ ಬಚ್ಚಲುಮನೆಯಲ್ಲಿ ಈ ಕಾರ್ಬನ್ ಮಾನಾಕ್ಸೈಡಿನಿಂದ ಉಸಿರುಗಟ್ಟಿ ಸತ್ತವರ ಸುದ್ದಿ ಓದಿದಾಗಲೆಲ್ಲ ನನ್ನ ಮನಸ್ಸು ಇಲ್ಲಿಗೇ ಬಂದು ನಿಲ್ಲುತ್ತದೆ: ಈ ಮದ್ದು ಮೈನಸ್ 80 ಡಿಗ್ರಿಯ ಪೆಟ್ಟಿಗೆಯಿಂದ ಹೊರಬರಬೇಕು.

ಆದ್ದರಿಂದ ಈಗ ಟ್ರೆಹಲೋಸ್ ಸಕ್ಕರೆ ಬೆರೆಸಿ ಹೆಪ್ಪಿನಲ್ಲೇ ಒಣಗಿಸಿದ ಪುಡಿಯನ್ನು ಪರೀಕ್ಷಿಸುತ್ತಿದ್ದೇನೆ. ನೀರು ಹಾಕಿ ಕರಗಿಸಿದೊಡನೆ ಮೊದಲು ನೋಡುವುದು ವರ್ಣಪಟಲವನ್ನು. ಪ್ರೋಟೀನಿನ ಪ್ರಮಾಣ ಅಳೆಯುವುದು ಆಮೇಲೆ.