ಫ್ರಿಜ್ ಅಡಿಯಲ್ಲಿ ನೀರು: ಹೆಂಚು ಹತ್ತುವ ಮೊದಲು ಇಲ್ಲಿ ನೋಡಿ

ಕಳೆದ ಮಳೆಗಾಲದಲ್ಲಿ ಒಂದು ಬೆಳಗ್ಗೆ ಎದ್ದು ನೋಡಿದರೆ ನಮ್ಮ ಅಡುಗೆಮನೆಯಲ್ಲಿ ನೀರು ನಿಂತಿತ್ತು. ಚಿಕ್ಕಮಗಳೂರಿನ ಹಳೇ ಹೆಂಚಿನ ಮನೆ ನಮ್ಮದು. ಇಂಥ ಮನೆಯಲ್ಲಿ ನೆಲ ಒದ್ದೆಯಾದರೆ ಎಲ್ಲರ ಕಣ್ಣೂ ಮೊದಲು ಹೋಗುವುದು ಮೇಲಕ್ಕೆ. "ಹೆಂಚು ಸರಿದಿದೆ ಕಣೋ, ಏಣಿ ತಗೊಂಡು ಬಾ" ಅಂದರು ನಮ್ಮತ್ತೆ. ಪಾಚಿಯ ಮೇಲೆ ಜಾರುತ್ತಾ, ನೆನೆಯುತ್ತಾ, ನಾಲ್ಕು ಹೆಂಚು ಸರಿ ಮಾಡಿ ಇಳಿದೆ. ಕೆಳಗೆ ಬಕೆಟ್ ಇಟ್ಟೆವು. ಮಾರನೇ ದಿನ ಬಕೆಟ್ ಒಣಗಿತ್ತು, ನೆಲ ಮಾತ್ರ ಮತ್ತೆ ಒದ್ದೆ. ಆಗ ಬಗ್ಗಿ ನೋಡಿದೆ. ನೀರು ಫ್ರಿಜ್ ಅಡಿಯಿಂದ ಹರಿದು ಬರುತ್ತಿತ್ತು.

ಫೋನಿನಲ್ಲಿ ವಿಚಾರಿಸಿದ ಮೆಕ್ಯಾನಿಕ್ ಒಬ್ಬರು ನೋಡುವ ಮೊದಲೇ "ಗ್ಯಾಸ್ ಹೋಗಿರುತ್ತೆ" ಅಂದರು. ಈ ಮಾತನ್ನು ನಂಬಬೇಡಿ. ಫ್ರಿಜ್‌ನ ಗ್ಯಾಸ್ ಸೋರಿದರೆ ಅದು ನೀರಾಗಿ ನೆಲಕ್ಕೆ ಬೀಳುವುದಿಲ್ಲ, ಗಾಳಿಗೆ ಸೇರುತ್ತದೆ. ಆಗ ಒಳಗೆ ತಂಪು ಕಮ್ಮಿಯಾಗುತ್ತದೆ, ಹಾಲು ಒಡೆಯುತ್ತದೆ. ನಮ್ಮ ಫ್ರಿಜ್‌ನಲ್ಲಿ ಹಾಲು ಚೆನ್ನಾಗಿಯೇ ಇತ್ತು. ಕೊನೆಗೆ ಸಿಕ್ಕ ಕಳ್ಳ ಯಾರು ಅಂದರೆ, ಒಂದು ಕೊತ್ತಂಬರಿ ಕಡ್ಡಿ. ತೆಗೆಯಲು ಹತ್ತು ನಿಮಿಷ ಹಿಡಿಯಿತು.

ಈ ನೀರು ಯಾರದು?

ಬಾಗಿಲಲ್ಲೇ ಕುಡಿಯುವ ನೀರು ಕೊಡುವ ದುಬಾರಿ ಮಾಡೆಲ್‌ಗಳನ್ನು ಬಿಟ್ಟರೆ ಫ್ರಿಜ್‌ಗೆ ನೀರಿನ ಸಂಪರ್ಕವೇ ಇಲ್ಲ. ಒಳಗೆ ಕಾಣುವ ನೀರಿನಲ್ಲಿ ಹೆಚ್ಚಿನದು ನಮ್ಮ ಅಡುಗೆಮನೆಯ ಗಾಳಿಯದು. ಬಾಗಿಲು ತೆಗೆದಾಗಲೆಲ್ಲ ಒದ್ದೆ ಗಾಳಿ ಒಳಗೆ ನುಗ್ಗುತ್ತದೆ. ಅದರ ತೇವ ತಣ್ಣನೆಯ ಕಾಯಿಲ್ ಮೇಲೆ ಕೂತು ಹಿಮವಾಗುತ್ತದೆ. ಆಗಾಗ ಆ ಹಿಮ ಕರಗಬೇಕು, ಕರಗುತ್ತದೆ. ಆ ನೀರು ಹಿಂಭಾಗದ ಒಂದು ತೂತಿಗೆ ಇಳಿದು, ಸಣ್ಣ ಪೈಪಿನಲ್ಲಿ ಹರಿದು, ಹಿಂದೆ ಕಂಪ್ರೆಸರ್ ಮೇಲೆ ಕೂತಿರುವ ಪ್ಲಾಸ್ಟಿಕ್ ಟ್ರೇಗೆ ಬೀಳುತ್ತದೆ. ಕಂಪ್ರೆಸರ್ ಬಿಸಿಗೆ ಅಲ್ಲೇ ಆರಿಹೋಗುತ್ತದೆ. ಈ ದಾರಿ ತಲೆಯಲ್ಲಿದ್ದರೆ ಸಾಕು. ದಾರಿ ಎಲ್ಲಿ ಕಟ್ಟಿದೆ ಎಂದು ಹುಡುಕುವುದೇ ರಿಪೇರಿ.

ನಮ್ಮ ಕಡೆ ಮಳೆಗಾಲದಲ್ಲಿ ಎರಡು ತೊಂದರೆ ಒಟ್ಟಿಗೇ ಬರುತ್ತವೆ. ಮೂಡಿಗೆರೆ, ಕೊಪ್ಪ, ಶೃಂಗೇರಿ, ಸಕಲೇಶಪುರದ ಜೂನ್–ಜುಲೈ ಗಾಳಿಯಲ್ಲಿ ತೇವ ಜಾಸ್ತಿ. ಹಾಗಾಗಿ ಒಳಗೆ ಹೋಗುವ ನೀರೂ ಜಾಸ್ತಿ. ಹೊರಗೆ ಒಗೆದ ಬಟ್ಟೆಯೇ ನಾಲ್ಕು ದಿನ ಒಣಗದ ಹವೆಯಲ್ಲಿ ಟ್ರೇ ನೀರು ಬೇಗ ಆರುವುದೂ ಇಲ್ಲ. ಕಡೂರು, ಅರಸೀಕೆರೆ ಕಡೆಯ ನೆಂಟರು "ನಮ್ಮದೂ ಅದೇ ಕಂಪನಿ, ಒಂದು ಹನಿ ಸೋರಿಲ್ಲ" ಅಂದರೆ ಬೇಜಾರಾಗಬೇಡಿ. ಅವರದು ಒಣ ಗಾಳಿ, ಅಷ್ಟೇ.

ಮೊದಲು ಪ್ಲಗ್

ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು ಪಕ್ಕಕ್ಕಿಡಿ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಫ್ರಿಜ್ ಹಿಂದೆ ಕೈ ಹಾಕಬೇಡಿ. ಸ್ವಿಚ್ ಬೋರ್ಡ್‌ವರೆಗೂ ನೀರು ಹರಡಿದ್ದರೆ ಮೇನ್ ಸ್ವಿಚ್ಚನ್ನೇ ಇಳಿಸಿ. ಸ್ಟೆಬಿಲೈಜರನ್ನು ಫ್ರಿಜ್ ಪಕ್ಕ ನೆಲದ ಮೇಲೆ ಇಡುವ ಅಭ್ಯಾಸ ಹಲವು ಮನೆಗಳಲ್ಲಿದೆ. ಇವತ್ತೇ ಅದನ್ನು ಗೋಡೆಗೆ ಏರಿಸಿ.

ಒಳಗಿನ ಸಾಮಾನಿನ ಚಿಂತೆ ಬೇಡ. ಬಾಗಿಲು ತೆಗೆಯದೆ ಇಟ್ಟರೆ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪು ಹಿಡಿದಿಡುತ್ತದೆ. ಕೆಲಸಕ್ಕೆ ಬಾಗಿಲು ತೆರೆದಿಡಬೇಕಾದರೆ ಮೀನು, ಮಾಂಸ, ಹಾಲನ್ನು ಪಕ್ಕದ ಮನೆಯ ಫ್ರಿಜ್‌ಗೆ ಸಾಗಿಸಿ.

ಪೇಪರ್ ಹಾಸಿ, ಒಂದು ರಾತ್ರಿ ಬಿಡಿ

ಕಾಯಿಲೆ ಗೊತ್ತಾಗಲು ಸುಲಭ ಉಪಾಯ ಇದು. ನೆಲ, ಒಳಗೋಡೆ, ತರಕಾರಿ ಬಾಕ್ಸ್ ಅಡಿ ಎಲ್ಲ ಒರೆಸಿ ಒಣಗಿಸಿ. ಫ್ರಿಜ್ ಸುತ್ತ, ಆದಷ್ಟು ಒಳಕ್ಕೆ ತಳ್ಳಿ, ಹಳೇ ಪೇಪರ್ ಹಾಸಿ. (ಈ ಪುರವಣಿಯೂ ಆಗುತ್ತದೆ, ಓದಿ ಮುಗಿಸಿದ ಮೇಲೆ.) ಪ್ಲಗ್ ಹಾಕಿ ಮಲಗಿ. ಬೆಳಗ್ಗೆ ಯಾವ ಪೇಪರ್ ಒದ್ದೆಯಾಗಿದೆ ನೋಡಿ.

ಹಿಂದಿನದು ಒದ್ದೆಯಾಗಿದ್ದರೆ ಟ್ರೇ ಅಥವಾ ಪೈಪ್ ಮೇಲೆ ಅನುಮಾನ. ಮುಂದಿನದು ಒದ್ದೆಯಾಗಿ ತರಕಾರಿ ಬಾಕ್ಸ್ ಅಡಿಯಲ್ಲೂ ನೀರಿದ್ದರೆ ಒಳಗಿನ ತೂತು ಕಟ್ಟಿದೆ. ಒಳಗೆ ಒಣಗಿದ್ದು, ಹೊರಮೈ ಮತ್ತು ಬಾಗಿಲಂಚಿನಲ್ಲಿ ಮಾತ್ರ ಹನಿ ಇದ್ದರೆ ಅದು ಬರೀ ಬೆವರು. ಮಳೆಗಾಲದಲ್ಲಿ ಸ್ವಲ್ಪ ಬೆವರುವುದು ಸಹಜ, ಒರೆಸಿದರೆ ಆಯಿತು. ಹಿಂದಿನ ರಾತ್ರಿ ಮರ ಬಿದ್ದು ಲೈನ್ ತುಂಡಾಗಿ ಎಂಟು ಗಂಟೆ ಕರೆಂಟ್ ಇರಲಿಲ್ಲವೋ? ಹಾಗಾದರೆ ರಿಪೇರಿಗೇ ಹೋಗಬೇಡಿ. ಫ್ರೀಜರ್‌ನ ಹಿಮವೆಲ್ಲ ಒಂದೇ ಸಲ ಕರಗಿ ಟ್ರೇ ತುಂಬಿ ಚೆಲ್ಲಿರುತ್ತದೆ. ಒರೆಸಿ, ಎರಡು ದಿನ ಕಾದು ನೋಡಿ.

ತೂತು ಬಿಡಿಸುವುದು

ಸೋರುವ ಫ್ರಿಜ್‌ಗಳಲ್ಲಿ ಜಾಸ್ತಿ ಸಿಗುವುದು ಇದೇ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಸಿಂಗಲ್ ಡೋರ್ ಫ್ರಿಜ್‌ನಲ್ಲಿ ಫ್ರೀಜರ್ ಅಡಿಗೆ ಒಂದು ಟ್ರೇ ಇರುತ್ತದೆ, ಅನೇಕರು ಹಾಲಿನ ಪ್ಯಾಕೆಟ್ ಇಡುವ ಜಾಗ. ಅದನ್ನು ಎಳೆದು ತೆಗೆದು ಹಿಂಗೋಡೆಯನ್ನು ಟಾರ್ಚ್ ಹಾಕಿ ನೋಡಿ. ಗೋಡೆಯಲ್ಲಿ ಸಣ್ಣ ಕಾಲುವೆಯಂಥ ಗೆರೆ, ಅದರ ನಡುವೆ ಬಟಾಣಿ ಗಾತ್ರದ ತೂತು ಕಾಣುತ್ತದೆ. ಕೆಲವು ಮಾಡೆಲ್‌ಗಳಲ್ಲಿ ತೂತು ಇನ್ನೂ ಕೆಳಗೆ, ತರಕಾರಿ ಬಾಕ್ಸ್‌ನ ಹಿಂದೆ ಇರುತ್ತದೆ. ಕರಿಬೇವಿನ ಎಲೆ, ಕೊತ್ತಂಬರಿ ಕಡ್ಡಿ, ಪ್ಲಾಸ್ಟಿಕ್ ಕವರ್ ಚೂರು, ಇವು ಅಲ್ಲಿಗೆ ಹೋಗಿ ಕೂರುತ್ತವೆ. ದೋಸೆ ಹಿಟ್ಟು ಉಕ್ಕಿ ಹರಿದು ತೂತಿನಲ್ಲಿ ಗಾರೆಯಂತೆ ಗಟ್ಟಿಯಾದದ್ದನ್ನೂ ನಾನು ನೋಡಿದ್ದೇನೆ.

ಕೈಗೆ ಸಿಗುವ ಕಸವನ್ನು ಮೊದಲು ಚಿಮಟದಿಂದ ತೆಗೆಯಿರಿ. ಒಳಕ್ಕೆ ತಳ್ಳಬೇಡಿ, ತಳ್ಳಿದರೆ ಪೈಪಿನ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಮೆಡಿಕಲ್ ಸ್ಟೋರ್‌ನಲ್ಲಿ 20 ಅಥವಾ 50 ಮಿ.ಲೀ. ಸಿರಿಂಜ್ ಸಿಗುತ್ತದೆ, ಸೂಜಿ ಬೇಡ. ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ, ಸಿರಿಂಜ್ ಮೂತಿಯನ್ನು ತೂತಿಗೆ ಒತ್ತಿ ಹಿಡಿದು, ನಿಧಾನವಾಗಿ ಬಿಡಿ. ಕುದಿಯುವ ನೀರು ಬೇಡ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಇಷ್ಟಕ್ಕೂ ಬಿಡದಿದ್ದರೆ ಪ್ಲಾಸ್ಟಿಕ್ ಹೊದಿಕೆಯ ಕರೆಂಟ್ ವೈರಿನ ತುಂಡು ತಗೊಳ್ಳಿ. ತುದಿಯನ್ನು ಮಡಚಿ ಮೊಂಡಾಗಿಸಿ, ತಿರುಗಿಸುತ್ತಾ ಇಳಿಸಿ. ಬರಿ ತಂತಿ, ಕಬ್ಬಿಣದ ಕಡ್ಡಿ ಹಾಕಿದರೆ ಪೈಪ್ ತೂತಾಗುತ್ತದೆ. ಆಮೇಲೆ ನೀರು ಫ್ರಿಜ್ ಗೋಡೆಯೊಳಗೇ ಇಳಿಯುತ್ತದೆ, ಅದನ್ನು ಸರಿಮಾಡುವುದು ಯಾರಿಗೂ ಸುಲಭವಲ್ಲ.

ಬಿಟ್ಟಿತೋ ಇಲ್ಲವೋ ತಿಳಿಯಲು ಅರ್ಧ ಲೋಟ ನೀರು ಹಾಕಿ ಹಿಂದೆ ಕಿವಿಗೊಡಿ. ಟ್ರೇಗೆ ಟಪಟಪ ಬಿದ್ದ ಸದ್ದು ಬಂದರೆ ಗೆದ್ದಿರಿ. ಸದ್ದು ಕೇಳದಿದ್ದರೆ ಪೈಪಿನ ಕೆಳತುದಿ ನೋಡಿ. ಕೆಲವು ಮಾಡೆಲ್‌ಗಳಲ್ಲಿ ಅಲ್ಲೊಂದು ರಬ್ಬರ್ ಮೂತಿ ಇರುತ್ತದೆ, ಲೋಳೆ ಕಟ್ಟಿ ಅಂಟಿಕೊಂಡಿರುತ್ತದೆ. ಎಳೆದು ತೊಳೆದು ಹಾಕಿ.

ಡಬಲ್ ಡೋರ್ ಫ್ರಾಸ್ಟ್ ಫ್ರೀ ಫ್ರಿಜ್‌ನಲ್ಲಿ ಕಾಯಿಲ್ ಮತ್ತು ತೂತು ಎರಡೂ ಮೇಲೆ, ಫ್ರೀಜರ್‌ನ ಹಿಂದಿನ ಪ್ಯಾನೆಲ್ ಒಳಗಿರುತ್ತವೆ. ಅಲ್ಲಿ ಒಂದು ಹೀಟರ್ ಆಗಾಗ ಹೊತ್ತಿಕೊಂಡು ಹಿಮವನ್ನು ತಾನೇ ಕರಗಿಸುತ್ತದೆ. ತೂತಿನ ಬಾಯಿಗೆ ಐಸ್ ಕಟ್ಟಿದರೆ ನೀರು ಗಾಳಿ ಬರುವ ಕಿಂಡಿಗಳಿಂದ ಕೆಳಗಿನ ಭಾಗಕ್ಕೆ ಸುರಿಯುತ್ತದೆ. ಅಭ್ಯಾಸ ಇಲ್ಲದವರು ಈ ಪ್ಯಾನೆಲ್ ಬಿಚ್ಚಬೇಡಿ, ಹಿಂದೆ ವೈರು, ಫ್ಯಾನು ಎಲ್ಲ ಇವೆ. ಪೂರ್ತಿ ಖಾಲಿ ಮಾಡಿ, ಪ್ಲಗ್ ತೆಗೆದು, ಎರಡೂ ಬಾಗಿಲು ತೆರೆದು ಒಂದು ಹಗಲು ಒಂದು ರಾತ್ರಿ ಬಿಡಿ. ಅಡಿಗೆ ಹಳೇ ಪಂಚೆ, ಟವೆಲ್ ಹಾಸಿ. ಐಸ್ ತಾನಾಗಿಯೇ ಕರಗುತ್ತದೆ. ಆಮೇಲೆ ತಿಂಗಳುಗಟ್ಟಲೆ ಸೋರದಿದ್ದರೆ ಸರಿಹೋಯಿತು. ಒಂದೆರಡು ವಾರದಲ್ಲೇ ಮತ್ತೆ ಶುರುವಾದರೆ ಹೀಟರ್, ಸೆನ್ಸರ್ ಅಥವಾ ಟೈಮರ್ ಕೈಕೊಟ್ಟಿರಬಹುದು. ಅದು ಮೀಟರ್ ಹಿಡಿದು ನೋಡುವ ಕೆಲಸ, ಮೆಕ್ಯಾನಿಕ್‌ಗೇ ಬಿಡಿ.

ಚಾಕು ಹಿಡಿಯಬೇಡಿ

ಸಿಂಗಲ್ ಡೋರ್‌ನಲ್ಲಿ ಹಿಮ ಅರ್ಧ ಸೆಂಟಿಮೀಟರ್ ದಪ್ಪವಾದಾಗಲೇ ಥರ್ಮೋಸ್ಟಾಟ್ ತಿರುಗಣೆಯ ನಡುವಿನ ಬಟನ್ ಒತ್ತಿ. ಹಿಮ ಕರಗಿದ ಮೇಲೆ ಫ್ರಿಜ್ ತಾನೇ ಶುರುವಾಗುತ್ತದೆ. ತಿಂಗಳುಗಟ್ಟಲೆ ಬಿಟ್ಟು, ಗುಡ್ಡದಂತೆ ಬೆಳೆದ ಮೇಲೆ ಒತ್ತಿದರೆ ಅಷ್ಟೂ ನೀರು ಹಿಡಿಯುವ ಶಕ್ತಿ ಆ ಪುಟ್ಟ ಟ್ರೇಗೆ ಎಲ್ಲಿಂದ ಬರಬೇಕು?

ಅವಸರಕ್ಕೆ ಚಾಕು, ಸ್ಕ್ರೂಡ್ರೈವರ್‌ನಿಂದ ಐಸ್ ಕೆರೆಯುವವರಿದ್ದಾರೆ. ಫ್ರೀಜರ್ ಗೋಡೆ ತೆಳು ಅಲ್ಯುಮಿನಿಯಂ, ಅದರ ಒಳಗೇ ಗ್ಯಾಸ್ ಹರಿಯುತ್ತದೆ. ಒಂದು ಚುಚ್ಚು ಸಾಕು. ಇತ್ತೀಚಿನ ಬಹಳಷ್ಟು ಫ್ರಿಜ್‌ಗಳಲ್ಲಿರುವ ಆರ್-600ಎ ಗ್ಯಾಸ್ ಬೆಂಕಿ ಹತ್ತುವಂಥದ್ದು. ಕಂಪ್ರೆಸರ್ ಮೇಲಿನ ಚೀಟಿಯಲ್ಲಿ ಹೆಸರು ಬರೆದಿರುತ್ತದೆ. ಚುಚ್ಚಿ ಬುಸ್ಸೆಂದರೆ ಒಲೆ ಆರಿಸಿ, ಕಿಟಕಿ ತೆಗೆಯಿರಿ, ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಐಸ್ ಬೇಗ ಕರಗಬೇಕಿದ್ದರೆ ಪ್ಲಗ್ ತೆಗೆದು ಫ್ರೀಜರ್ ಒಳಗೆ ಬಿಸಿನೀರಿನ ಪಾತ್ರೆ ಇಡಿ, ಅಡಿಗೆ ಮಡಚಿದ ಬಟ್ಟೆ ಇರಲಿ.

ಹಿಂದಿನ ಟ್ರೇ

ಫ್ರಿಜ್ ತಂದ ದಿನದಿಂದ ಇದನ್ನು ನೋಡಿಯೇ ಇಲ್ಲದ ಮನೆಗಳು ಎಷ್ಟೋ. ಪ್ಲಗ್ ತೆಗೆದು ಅರ್ಧ ಗಂಟೆ ಬಿಡಿ, ಕಂಪ್ರೆಸರ್ ಮುಟ್ಟಿದರೆ ಕೈ ಸುಡುತ್ತದೆ. ಟ್ರೇ ಸೀಳಿದೆಯೋ, ಜಾಗ ಬಿಟ್ಟು ಸರಿದಿದೆಯೋ ನೋಡಿ. ಪೈಪಿನ ತುದಿ ಟ್ರೇ ಒಳಗೇ ಇರಬೇಕು. ಸಣ್ಣ ಸೀಳಿಗೆ ಎಂ-ಸೀಲ್ ಹಚ್ಚಿದರೆ ಕೆಲವು ಕಾಲ ತಡೆಯುತ್ತದೆ, ಹೊಸ ಟ್ರೇ ಹಾಕಿಸುವುದೇ ಸರಿ. ನೀರಿದ್ದರೆ ಬಟ್ಟೆಯಿಂದ ಹೀರಿ ತೆಗೆದು ಒರೆಸಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವ ಜಾಗಗಳಲ್ಲಿ ಫ್ರಿಜ್ ಟ್ರೇಯೂ ಒಂದು. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಇದನ್ನು ಒಣಗಿಸಲೇಬೇಕು.

ಬಾಗಿಲ ರಬ್ಬರ್, ನೆಲದ ವಾಟ

ಹತ್ತು ರೂಪಾಯಿ ನೋಟನ್ನು ಬಾಗಿಲ ಸಂದಿಗೆ ಸಿಕ್ಕಿಸಿ, ಮುಚ್ಚಿ ಎಳೆಯಿರಿ. ಬಿಗಿಯಾಗಿ ಬಂದರೆ ರಬ್ಬರ್ ಸರಿಯಿದೆ. ಬೆಣ್ಣೆಯಿಂದ ಕೂದಲು ತೆಗೆದಂತೆ ಬಂದರೆ ಅಲ್ಲಿ ಗಾಳಿ ನುಗ್ಗುತ್ತಿದೆ. ನಾಲ್ಕೂ ಕಡೆ ನೋಡಿ. ಎಷ್ಟೋ ಸಲ ರಬ್ಬರ್ ಕೆಟ್ಟಿರುವುದಿಲ್ಲ, ಮಡಿಕೆಯೊಳಗೆ ಬೂಷ್ಟು, ಜಿಡ್ಡು ಸೇರಿರುತ್ತದೆ. ಪಾತ್ರೆ ಸೋಪು, ಹಳೇ ಟೂತ್ ಬ್ರಷ್‌ನಿಂದ ಉಜ್ಜಿ ಒಣಗಿಸಿ. ಸೊಟ್ಟಗಾದ ಕಡೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಒತ್ತಿ ಹಿಡಿದು, ಮೆತ್ತಗಾದ ಮೇಲೆ ಬಾಗಿಲು ಮುಚ್ಚಿಡಿ. ಹರಿದಿದ್ದರೆ ಹೊಸದೇ ಬೇಕು.

ಇನ್ನು ನೆಲ. ಹಳೇ ಮನೆಗಳಲ್ಲಿ ಅಡುಗೆಮನೆಗೆ ಬಚ್ಚಲ ಕಡೆಗೆ ವಾಟ ಕೊಟ್ಟಿರುತ್ತಾರೆ. ತೊಳೆಯಲು ಚೆಂದ, ಫ್ರಿಜ್‌ಗೆ ಕಷ್ಟ. ಫ್ರಿಜ್ ಮುಂದಕ್ಕೆ ವಾಲಿದ್ದರೆ ನೀರು ಹಿಂದಿನ ತೂತಿಗೆ ಹೋಗದೆ ಬಾಗಿಲ ಕಡೆ ಬರುತ್ತದೆ, ಬಾಗಿಲೂ ಪೂರ್ತಿ ಮುಚ್ಚುವುದಿಲ್ಲ. ಮುಂದಿನ ಎರಡು ಕಾಲುಗಳನ್ನು ತಿರುಗಿಸಿ ಸ್ವಲ್ಪ ಎತ್ತರಿಸಿ. ಬಾಗಿಲನ್ನು ಅರ್ಧ ತೆರೆದು ಕೈಬಿಟ್ಟರೆ ತಾನಾಗಿ ಮುಚ್ಚಬೇಕು. ಅಷ್ಟು ವಾಟ ಸಾಕು.

ಅಂದಹಾಗೆ, ಪಾತ್ರೆ ಹಿಂಗೋಡೆಗೆ ತಾಗಿದ್ದರೂ ಗೋಡೆಯ ನೀರು ಪಾತ್ರೆ ಹಿಡಿದು ಶೆಲ್ಫಿಗೆ ಇಳಿಯುತ್ತದೆ, ಎರಡು ಬೆರಳು ಜಾಗ ಬಿಡಿ. ತೊಳೆದ ಸೊಪ್ಪನ್ನು ಹಾಗೇ ತುರುಕಬೇಡಿ. ನೀರಲ್ಲಿ ನೆನೆಸಿದ ಕಳಲೆಗೆ, ಸಾರಿಗೆ ಮುಚ್ಚಳ ಇರಲಿ.

ಇಷ್ಟೆಲ್ಲ ಮಾಡಿಯೂ ನಿಲ್ಲದಿದ್ದರೆ ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ಒಳಗೋಡೆಯ ಮೇಲಿರುವ ಮಾಡೆಲ್ ನಂಬರ್ ಚೀಟಿಯ ಫೋಟೊ ತೆಗೆದಿಡಿ. ಒದ್ದೆಯಾದ ಪೇಪರ್ ಯಾವ ಕಡೆಯದು, ತಂಪು ಸರಿಯಿದೆಯೋ ಇಲ್ಲವೋ, ಇವೆರಡನ್ನೂ ಹೇಳಿ. ಮಳೆಯಲ್ಲಿ ಪೇಟೆಯಿಂದ ತೋಟದ ಮನೆಗೆ ಬರುವವರು ಒಂದು ಸಲ ಬಂದರೆ ಹೆಚ್ಚು. ರಬ್ಬರೋ, ಟ್ರೇಯೋ, ಹೀಟರೋ, ಬೇಕಾದ ಸಾಮಾನನ್ನು ಅದೇ ಸಲ ಹಿಡಿದುಕೊಂಡೇ ಬರಲಿ.