"ಇದಕ್ಕಿಂತ ಕೆಳಗ ಮಾರಬ್ಯಾಡ್ರಿ" ಅಂತ ಕಂಪನಿ ಫೋನ್ ಮಾಡಿದರೆ

ಹುಬ್ಬಳ್ಳಿಯ ಕೊಪ್ಪೀಕರ್ ರಸ್ತೆಯಲ್ಲೋ ಗದಗಿನಲ್ಲೋ ಮಿಕ್ಸಿ ಅಂಗಡಿ ಇಟ್ಟಿದ್ದೀರಿ, ದೀಪಾವಳಿಗೆ ಗಿರಾಕಿಗೆ ಮುನ್ನೂರು ರೂಪಾಯಿ ಬಿಟ್ಟು ಕೊಟ್ಟಿರಿ ಅಂದುಕೊಳ್ಳಿ. ಮರುದಿನ ಕಂಪನಿಯವರ ಫೋನು: "ಸಾವ್ಕಾರ್ರ, ನಮ್ಮ ರೇಟಿನ ಕೆಳಗ ಇಳೀಬ್ಯಾಡ್ರಿ, ಇಲ್ಲಾಂದ್ರ ಮಾಲು ಬಂದ್." ಆಗ ಏನು ಮಾಡಬೇಕು?

ಮೊದಲು ಬಿಲ್ ನೋಡಿ. ನೀವು ದುಡ್ಡು ಕೊಟ್ಟು ಕೊಂಡ ಮಾಲಾದರೆ ಮುಂದೆ ಓದಿ. ಕಂಪನಿಯ ಮಾಲನ್ನು ಕಮಿಷನ್‌ಗೆ ಮಾರುತ್ತಿದ್ದರೆ ರೇಟು ಅವರದೇ, ಅಲ್ಲಿಗೆ ಮುಗಿಯಿತು. ಇನ್ನು ಎಂಆರ್‌ಪಿ ಅನ್ನೋದು ಮೇಲಿನ ಮಿತಿ ಮಾತ್ರ, ಅದರ ಕೆಳಗೆ ಎಷ್ಟಕ್ಕಾದರೂ ಮಾರಬಹುದು.

2002ರ ಸ್ಪರ್ಧಾ ಕಾಯ್ದೆಯ 3(4)(ಇ) ಕಲಂ ನಿಮಗೆ ಬೇಕಾದದ್ದು. ಕಂಪನಿ ನೀವು ಮಾರುವ ರೇಟನ್ನು ಗೊತ್ತುಮಾಡಿ, "ಇದಕ್ಕಿಂತ ಕಡಿಮೆಗೂ ಮಾರಬಹುದು" ಅಂತ ಸ್ಪಷ್ಟವಾಗಿ ಹೇಳದಿದ್ದರೆ ಈ ಕಲಂ ಅಡಿ ಬರುತ್ತದೆ. "ರೇಟು ಗೊತ್ತುಮಾಡಿದರೇ ಸಾಕು, ಅದು ತಪ್ಪು" ಅಂತ ವಾಟ್ಸಾಪ್‌ನಲ್ಲಿ ಸುಮ್ನೆ ಬರೀತಾರೆ, ಆದರೆ ಅಷ್ಟಕ್ಕೇ ಅದು ತಪ್ಪಾಗಲ್ಲ. ಅದರಿಂದ ಮಾರುಕಟ್ಟೆಯ ಪೈಪೋಟಿಗೆ ಗಮನಾರ್ಹ ಪೆಟ್ಟು ಬಿದ್ದಿದೆ ಅಥವಾ ಬೀಳುವ ಸಂಭವ ಇದೆ ಅಂತ ತೋರಿಸಬೇಕು. ಹತ್ತು ಬ್ರಾಂಡ್ ಇರುವ ಕಡೆ ಸಣ್ಣ ಕಂಪನಿಯೊಂದು ಹೀಗೆ ಮಾಡಿದರೆ ಅದನ್ನು ತೋರಿಸೋದು ಕಷ್ಟ. ಡೀಲರ್‌ಗಳ ಡಿಸ್ಕೌಂಟಿಗೆ ಕಡಿವಾಣ ಹಾಕಿದ್ದಕ್ಕೆ 2017ರಲ್ಲಿ ಸ್ಪರ್ಧಾ ಆಯೋಗ (ಈ ಕಾಯ್ದೆ ಜಾರಿ ಮಾಡುವ ಸಂಸ್ಥೆ) ಕಾರು ಕಂಪನಿ ಹ್ಯುಂಡೈಗೆ 87 ಕೋಟಿ ದಂಡ ಹಾಕಿತ್ತು, ಮರುವರ್ಷ ಮೇಲ್ಮನವಿಯಲ್ಲಿ ಅದು ಬಿದ್ದುಹೋಯಿತು. 2021ರಲ್ಲಿ ಮಾರುತಿಗೆ 200 ಕೋಟಿ. ಡೀಲರ್‌ಗಳು ಡಿಸ್ಕೌಂಟ್ ಕೊಡ್ತಾರಾ ಅಂತ ನೋಡೋಕೆ ಗಿರಾಕಿಗಳ ವೇಷದಲ್ಲಿ ಜನ ಕಳಿಸುತ್ತಿದ್ದರು, ಸಿಕ್ಕಿಬಿದ್ದವರಿಗೆ ದಂಡ ಹಾಕುತ್ತಿದ್ದರು ಅನ್ನೋದು ಆಯೋಗದ ತೀರ್ಮಾನ. ಮಾರುತಿಯೂ ಮೇಲ್ಮನವಿ ಹಾಕಿತು.

ಅಲ್ಲಿ ಆಯೋಗದ ಕೈಗೆ ಸಿಕ್ಕಿದ್ದು ಇಮೇಲ್‌ಗಳು. ಹಾಗಾಗಿ ಫೋನಿನ ಮಾತನ್ನು ಫೋನಿಗೇ ಬಿಡಬೇಡಿ. ಅವತ್ತೇ "ಇಂದು ನೀವು ಹೀಗೆ ಹೇಳಿದಿರಿ, ಕಡಿಮೆಗೆ ಮಾರಬಹುದೋ ಇಲ್ಲವೋ ಬರೆದು ತಿಳಿಸಿ" ಅಂತ ಮೇಲ್ ಹಾಕಿ. ಸರ್ಕ್ಯುಲರ್, ವಾಟ್ಸಾಪ್ ಸಂದೇಶ, ದಂಡ ಹಾಕಿದ ಡೆಬಿಟ್ ನೋಟ್ ಎಲ್ಲ ತೆಗೆದಿಡಿ.

ಒಂದು ಕೆಲಸ ಮಾತ್ರ ಮಾಡಲೇಬೇಡಿ. ಊರಿನ ಡೀಲರ್‌ಗಳೆಲ್ಲ ಚಹಾಕ್ಕೆ ಕೂತು "ಯಾರೂ ಇದರ ಕೆಳಗೆ ಇಳಿಯೋದು ಬೇಡ" ಅಂತ ಮಾತಾಡಿಕೊಂಡರೆ ಅದು ಇನ್ನೂ ದೊಡ್ಡ ತಪ್ಪು, ಅಲ್ಲಿ ಪೈಪೋಟಿಗೆ ಪೆಟ್ಟು ಬಿದ್ದಿದೆ ಅಂತ ಕಾನೂನೇ ಮೊದಲು ಊಹಿಸಿಕೊಳ್ಳುತ್ತದೆ. ನಿಜ ಹೇಳಬೇಕಂದ್ರೆ, ಎಷ್ಟೋ ಸಲ ಕಂಪನಿಗೆ ಚಾಡಿ ಹೇಳೋದೂ ಪಕ್ಕದ ಅಂಗಡಿಯವರೇ.

ದೂರು ದೆಹಲಿಯ ಸ್ಪರ್ಧಾ ಆಯೋಗಕ್ಕೆ, ಶುಲ್ಕ ಕಟ್ಟಿ, ಇದು ನಡೆದ ಮೂರು ವರ್ಷದೊಳಗೆ ಕೊಡಬೇಕು. ಹೆಸರು ಗುಟ್ಟಾಗಿಡಿ ಅಂತ ಕೇಳಬಹುದು, ಆದರೆ ಊರಲ್ಲಿ ಇರೋದೇ ಇಬ್ಬರು ಡೀಲರ್ ಅಂದರೆ ಕಂಪನಿಗೆ ಗೊತ್ತಾಗದೇ ಇರುತ್ತಾ?